ಗೋಕರ್ಣದಲ್ಲಿ ಬೆನ್ನು ಬಿಡದ ಭಿಕ್ಷುಕರು: ನೀವೇನು ಮಾಡುತ್ತೀರಿ?

ಕೇಳಿದವರು, ಕಾರವಾರ: ಇಲ್ಲಿಗೆ ವರ್ಗವಾಗಿ ಬಂದವಳು ನಾನು. ಅಮ್ಮನನ್ನು ಗೋಕರ್ಣಕ್ಕೆ ಕರೆದೊಯ್ದಾಗ ರಥಬೀದಿಯಲ್ಲಿ ಮೂರು ಜನ ಮುತ್ತಿಕೊಂಡರು. ಒಬ್ಬಾಕೆ ಅಮ್ಮನ ಸೆರಗನ್ನೇ ಹಿಡಿದಳು. ಅಮ್ಮ ಶಿವರಾತ್ರಿಗೆ ಮತ್ತೆ ಹೋಗೋಣ ಎನ್ನುತ್ತಿದ್ದಾರೆ. ಬಲ್ಲವರು ಹೇಳಿ.

ಕುಮಟಾದಿಂದ: ಅಕ್ಕಾ, ಶಿವರಾತ್ರಿ ಬಿಡಿ. ವಯಸ್ಸಾದವರಿಗೆ ಆ ಸಾಲು, ಆ ಬಿಸಿಲೇ ಸಾಕು. ಸಾದಾ ದಿನ ಬೆಳಗಿನ ಜಾವ ಹೋಗಿ ಬನ್ನಿ.

ಗೋಕರ್ಣದಿಂದ: ನಾನು ಇದೇ ಬೀದಿಯವಳು ತಂಗಿ. ನಡುಬೀದಿಯಲ್ಲಿ ಪರ್ಸು ತೆರೆದಿರೋ, ಮುಗಿಯಿತು. ಒಬ್ಬರಿಗೆ ಹತ್ತು ರೂಪಾಯಿ ಕೊಡುವಷ್ಟರಲ್ಲಿ ಇನ್ನಾರು ಕೈಗಳು ಚಾಚಿರುತ್ತವೆ. ‘ಚಿಲ್ಲರೆ ಇಲ್ಲ’ ಎನ್ನಲೇಬೇಡಿ. ‘ನೋಟು ಕೊಡಿ, ಚಿಲ್ಲರೆ ನಾನೇ ಕೊಡುತ್ತೇನೆ’ ಎಂದು ಸೊಂಟದ ಚೀಲ ಬಿಚ್ಚುವವರಿದ್ದಾರೆ! ‘ಮುಂದೆ ಹೋಗಮ್ಮ’ ಎಂದು ಒಂದೇ ಮಾತು ಹೇಳಿ ನಡೆಯುತ್ತಲೇ ಇರಿ. ನಿಂತರೆ ಚೌಕಾಸಿ ಶುರು. ಸೆರಗು ಹಿಡಿದರೆ ಎಳೆದಾಡದೆ ಹತ್ತಿರದ ಅಂಗಡಿಯ ಮೆಟ್ಟಿಲು ಹತ್ತಿಬಿಡಿ. ಅಂಗಡಿಯವರು ಒಮ್ಮೆ ಗದರಿದರೆ ಸಾಕು. ಶಾಪ ಹಾಕುತ್ತೇನೆ ಎಂದು ಹೆದರಿಸುವುದು ದಿನವೂ ಇದ್ದದ್ದೇ, ಕಿವಿಗೆ ಹಾಕಿಕೊಳ್ಳಬೇಡಿ.

ಅಮ್ಮನಿಗೆ ದಾನ ಮಾಡುವ ಮನಸ್ಸಿದ್ದರೆ ನಾಣ್ಯಗಳನ್ನು ಮನೆಯಿಂದಲೇ ಬೇರೆ ಕಟ್ಟಿಕೊಂಡು ಬನ್ನಿ. ದರ್ಶನ ಮುಗಿಸಿ ಹೊರಡುವಾಗ, ಗೋಡೆಗೆ ಒರಗಿ ಸುಮ್ಮನೆ ಕುಳಿತ ಮುದುಕರಿಗೆ ಕೊಡಿ. ಕೂಗದವರ ತಟ್ಟೆ ಖಾಲಿಯೇ ಇರುತ್ತದೆ.

ಶಿರಸಿಯಿಂದ: ಬಸ್ಸಿನಲ್ಲಿ ಇನ್ನೊಂದು ಬಗೆ. ಮಾತು ಬಾರದು ಎಂದು ಅಚ್ಚು ಹಾಕಿಸಿದ ಚೀಟಿಯನ್ನು ತೊಡೆಯ ಮೇಲಿಟ್ಟು ಹೋಗುತ್ತಾರೆ. ಕೊಡುವುದಿಲ್ಲವಾದರೆ ಓದಲು ಹೋಗದೆ ಕೂಡಲೇ ಹಿಂತಿರುಗಿಸಿ. ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ನನ್ನ ಹೊಟ್ಟೆ ಉರಿಸುವುದು ಮಕ್ಕಳನ್ನು ಮುಂದೆ ಬಿಟ್ಟು ಬೇಡಿಸುವುದು. ಮಗುವಿನ ಕೈಗೆ ಹಣ ಕೊಟ್ಟರೆ ಅದು ನಾಳೆಯೂ ಅಲ್ಲೇ ನಿಲ್ಲುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳಿಂದ ಭಿಕ್ಷೆ ಬೇಡಿಸುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು ಇದೆ.

ಹೊನ್ನಾವರದಿಂದ: ಕೊಡದಿದ್ದರೆ ಪಾಪ ಎಂದು ಕೊರಗುವವರು ಮನೆ ತೆರಿಗೆಯ ರಸೀದಿ ತೆಗೆದು ನೋಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ತೆರಿಗೆಯ ಜತೆ 3 ಶೇಕಡಾ ಭಿಕ್ಷುಕರ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. ಭಿಕ್ಷುಕರಿಗೆ ಆಸರೆ ಕೊಡುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆಂದೇ ಆ ಹಣ. ಹಾಗೆಂದು ಬೇಡುವವರನ್ನೆಲ್ಲ ಪೊಲೀಸರಿಗೆ ಒಪ್ಪಿಸಬೇಕೆಂದು ನಾನು ಹೇಳುವುದಿಲ್ಲ. ಮೈಮುಟ್ಟಿ ಎಳೆದರೆ, ದಾರಿಗೆ ಅಡ್ಡ ನಿಂತರೆ ಮಾತ್ರ ತುರ್ತು ಸಹಾಯದ 112ಕ್ಕೆ ಕರೆ ಮಾಡಿ.