ಹ್ಯಾಂಡೋವರ್‌ಗೆ ‘ಹಸ್ತಾಂತರ’ ಸರಿಯೇ? ಕಾನ್ಫಿಡೆನ್ಸ್‌ಗೆ ‘ಆತ್ಮವಿಶ್ವಾಸ’ ಸಾಕೇ?

ಪ್ರಶ್ನೆ:

ನಮಸ್ಕಾರ. ಚಿಕ್ಕ ಚಿಕಿತ್ಸಾಲಯಗಳ ಸಿಬ್ಬಂದಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಓದುವವರು ನರ್ಸ್‌ಗಳು, ಲ್ಯಾಬ್‌ನವರು, ಔಷಧ ಕೊಡುವವರು, ರಿಸೆಪ್ಷನ್‌ನಲ್ಲಿ ಕೂರುವವರು. ಕರಡಿನಲ್ಲಿ ಟೀಮ್‌ವರ್ಕ್‌ಗೆ ‘ತಂಡಸ್ಫೂರ್ತಿ’, ಕಾನ್ಫಿಡೆನ್ಸ್‌ಗೆ ‘ಆತ್ಮವಿಶ್ವಾಸ’, ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ಗೆ ‘ಹಸ್ತಾಂತರ’, ತಪ್ಪು ಕಂಡಾಗ ಬಾಯಿಬಿಡುವುದಕ್ಕೆ ‘ಧ್ವನಿ ಎತ್ತುವುದು’ ಎಂದಿದೆ. ‘ರೋಗಿಯ ಹಸ್ತಾಂತರದ ವೇಳೆ ಸಿಬ್ಬಂದಿ ಆತ್ಮವಿಶ್ವಾಸದಿಂದ ಧ್ವನಿ ಎತ್ತಬೇಕು’ ಎಂಬ ವಾಕ್ಯ ಮುಷ್ಕರದ ಕರೆಯಂತೆ ಕೇಳಿಸುತ್ತಿದೆ. ಬಳಕೆಯಲ್ಲಿರುವ ಮಾತುಗಳೇ ಇದ್ದರೆ ತಿಳಿಸಿ.

ಉತ್ತರ 1:

ಮೊದಲು ‘ಹಸ್ತಾಂತರ’ ಬಿಡಿ. ಅದು ಆಸ್ತಿ, ಕಡತ, ಅಧಿಕಾರದ ಮಾತು. ವಸ್ತು ಈ ಕೈಯಿಂದ ಆ ಕೈಗೆ ಹೋದರೆ ಅಲ್ಲಿಗೆ ಮುಗಿಯಿತು. ಪಾಳಿ ಬದಲಾಗುವಾಗ ಆಗುವ ಅನಾಹುತವೂ ಅದೇ: ‘ಎಲ್ಲ ಫೈಲಲ್ಲಿದೆ’ ಎಂದು ಒಬ್ಬರು ಹೊರಡುತ್ತಾರೆ, ಬರಬೇಕಿದ್ದ ರಕ್ತಪರೀಕ್ಷೆಯ ವರದಿಯನ್ನು ಯಾರು ನೋಡಬೇಕೆಂಬುದು ಯಾರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ‘ಒಪ್ಪಿಸು’ ಇದೆ. ವಶಕ್ಕೆ ಕೊಡುವುದೂ ಒಪ್ಪಿಸುವುದೇ, ಪಾಠವನ್ನು ಬಾಯಲ್ಲಿ ಹೇಳುವುದೂ ಒಪ್ಪಿಸುವುದೇ, ಇನ್ನೊಬ್ಬರು ಒಪ್ಪುವಂತೆ ಮಾಡುವುದೂ ಒಪ್ಪಿಸುವುದೇ. ಒಳ್ಳೆಯ ಹ್ಯಾಂಡೋವರ್‌ಗೆ ಈ ಮೂರೂ ಬೇಕು. ಹೋಗುವವರು, ಬರುವವರು ಇಬ್ಬರೂ ಒಂದೇ ಕಡೆ ನಿಲ್ಲಬೇಕು. ರೋಗಿಯನ್ನು ಹೆಸರಿನ ಜೊತೆ ಇನ್ನೊಂದು ಗುರುತಿನಿಂದಲೂ ಹೇಳಬೇಕು. ಹುಟ್ಟಿದ ದಿನಾಂಕವೋ ನೋಂದಣಿ ಸಂಖ್ಯೆಯೋ ಆಗಬಹುದು, ಹಾಸಿಗೆ ಸಂಖ್ಯೆ ಮಾತ್ರ ಸಲ್ಲದು, ಹಾಸಿಗೆ ಬದಲಾಗುತ್ತದೆ. ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟಾಗಿದೆ, ಯಾವುದು ಬಾಕಿ, ಯಾವ ವರದಿ ಬರಬೇಕು, ಏನು ಕಂಡರೆ ವೈದ್ಯರನ್ನು ಕರೆಯಬೇಕು, ಇಷ್ಟನ್ನೂ ಬಾಯಲ್ಲಿ ಹೇಳಬೇಕು. ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದ ಮೇಲೆಯೇ ಒಪ್ಪಿಸಿದಂತೆ.

‘ಧ್ವನಿ ಎತ್ತು’ ಅನ್ಯಾಯದ ವಿರುದ್ಧದ ಮಾತು. ‘ಎದುರಾಡು’ ಇನ್ನೂ ಕೆಟ್ಟದ್ದು. ‘ತಡೆದು ಹೇಳು’ ಎನ್ನಬಹುದು. ಆದರೆ ಪದಕ್ಕಿಂತ ವಾಕ್ಯದ ಕೊನೆ ಇಲ್ಲಿ ಮುಖ್ಯ. ಹಿರಿಯರ ಮುಂದೆ ಕನ್ನಡಿಗರ ಕ್ರಿಯಾಪದ ಮೆತ್ತಗಾಗುತ್ತದೆ: ‘ಒಂದ್ಸಲ ನೋಡಿದ್ರೆ ಚೆನ್ನಾಗಿತ್ತೇನೋ.’ ಆ ‘ಏನೋ’ದಲ್ಲಿ ತುರ್ತು ಕರಗಿಹೋಗುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ವೈದ್ಯಕೀಯಕ್ಕೆ ಬಂದ, ವಿಷಯವನ್ನು ನಾಲ್ಕು ಹಂತದಲ್ಲಿ ಹೇಳುವ ‘ಎಸ್‌ಬಾರ್’ (SBAR) ಕ್ರಮವನ್ನು ಈಗೇನು, ಹಿಂದೇನು, ನನಗೇನು ಕಾಣುತ್ತಿದೆ, ಏನಾಗಬೇಕು ಎಂದು ಕಲಿಸಬಹುದು. ‘ಬಿಪಿ 80/50 ಇದೆ. ಅರ್ಧ ಗಂಟೆ ಹಿಂದೆ 110/70 ಇತ್ತು. ಒಳಗೆ ರಕ್ತ ಹೋಗುತ್ತಿರಬಹುದು. ಈಗಲೇ ಬಂದು ನೋಡಿ.’ ಕಿರಿಯರು ಸಾಮಾನ್ಯವಾಗಿ ನಾಲ್ಕನೆಯದನ್ನು ನುಂಗುತ್ತಾರೆ. ‘ನೋಡಿ’ಯಲ್ಲಿ ಗೌರವವೂ ಇದೆ, ಸ್ಪಷ್ಟತೆಯೂ ಇದೆ, ಗೌರವಕ್ಕಾಗಿ ‘ಏನೋ’ ಬೇಕಿಲ್ಲ ಎಂಬುದನ್ನು ಕೈಪಿಡಿ ಬಿಡಿಸಿ ಹೇಳಲಿ.

ಕೇಳಿಸಲಿಲ್ಲವೆಂದರೆ ಎರಡನೇ ಸಲವೂ ಹೇಳಬೇಕು, ಒಂದೊಂದೇ ಮೆಟ್ಟಿಲು ಏರುತ್ತಾ: ‘ನನಗೆ ಕಳವಳವಾಗುತ್ತಿದೆ’, ‘ಇದು ಸರಿ ಕಾಣುತ್ತಿಲ್ಲ’, ‘ಇದು ರೋಗಿಯ ಸುರಕ್ಷತೆಯ ವಿಷಯ, ನಿಲ್ಲಿಸಿ’. ‘ಅನುಮಾನ’ ಬಳಸುವುದಾದರೆ ಅದು ಮನುಷ್ಯರ ಮೇಲೆ ಬೀಳಬಾರದು, ಡೋಸ್ ಮೇಲೆ ಬೀಳಬೇಕು.

‘ಆತ್ಮವಿಶ್ವಾಸ ತುಂಬುವುದು’ ಎಂದಾಗ ಕೊಡಕ್ಕೆ ನೀರು ತುಂಬಿದಂತೆ ಭಾಷಣದಿಂದ ಅದು ಬರುತ್ತದೆಂಬ ಭಾವನೆ ಬರುತ್ತದೆ. ‘ಧೈರ್ಯವಾಗಿ ಮಾಡು’ ಅಪಾಯಕಾರಿ. ಸಿರಿಂಜ್ ಹಿಡಿದ ಹೊಸಬರಿಗೆ ಅದು ‘ಕೇಳಬೇಡ, ಮಾಡು’ ಎಂದೇ ಕೇಳಿಸುತ್ತದೆ. ಕೆಲಸದ ನಂಬುಗೆಗೆ ನಮ್ಮಲ್ಲಿ ‘ಕೈ ಪಳಗು’, ‘ಕೈ ಕುದುರು’ ಇವೆ. ಮೊದಲು ನೋಡುವುದು, ಆಮೇಲೆ ಹಿರಿಯರು ಪಕ್ಕದಲ್ಲಿದ್ದಾಗ ಮಾಡುವುದು, ಆಮೇಲೆ ಅವರು ಕರೆದರೆ ಬರುವಷ್ಟು ದೂರದಲ್ಲಿದ್ದಾಗ ಮಾಡುವುದು, ಪ್ರತಿ ಹಂತಕ್ಕೂ ಹಿರಿಯರ ಸಹಿ. ಹೀಗೆ ಪಳಗಿದ ಕೈಗೆ ತನ್ನ ಮಿತಿಯೂ ಗೊತ್ತಿರುತ್ತದೆ.

ಕೈ ಪಳಗಿದರೂ ಬಾಯಿ ಬಾರದಿದ್ದರೆ ಅದು ಬೇರೆ ಕೊರತೆ. ತಂಡದಲ್ಲಿ ಹೆದರದೆ ಮಾತಾಡಬಹುದೆಂಬ ನಂಬಿಕೆಗೆ ಇಂಗ್ಲಿಷಿನಲ್ಲಿ ‘ಸೈಕಲಾಜಿಕಲ್ ಸೇಫ್ಟಿ’ ಎನ್ನುತ್ತಾರೆ; ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರ ಪ್ರಬಂಧದಲ್ಲಿ ವಿವರಿಸಿದ ಇದನ್ನು ‘ಮಾನಸಿಕ ಸುರಕ್ಷತೆ’ ಎಂದು ಕನ್ನಡಿಸಿದರೆ ಓದುವವರು ಮನೋರೋಗದ ಕಡೆ ಯೋಚಿಸುತ್ತಾರೆ. ‘ಅಳುಕಿಲ್ಲದೆ ಹೇಳುವುದು’ ಎಂದರೆ ತಕ್ಷಣ ತಿಳಿಯುತ್ತದೆ. ಅಳುಕು ಹುಟ್ಟುವುದು ಪಕ್ಕದವರ ಮುಖ ನೋಡಿ, ಹಾಗಾಗಿ ಅದನ್ನು ತೆಗೆಯುವ ಹೊಣೆ ಹಿರಿಯರದ್ದು. ತಪ್ಪನ್ನು ತಾವೇ ಹೇಳಿಕೊಂಡು ಬಂದವರಿಗೆ ಹಿರಿಯರ ಮೊದಲ ಮಾತು ‘ಯಾರು ಮಾಡಿದ್ದು?’ ಆಗದೆ ‘ರೋಗಿ ಹೇಗಿದ್ದಾರೆ?’ ಆಗಬೇಕು.

‘ತಂಡಸ್ಫೂರ್ತಿ’ ಆಟದ ಮೈದಾನದ್ದು, ‘ಹೊಂದಾಣಿಕೆ’ಯಲ್ಲಿ ರಾಜಿಯ ವಾಸನೆ ಇದೆ. ‘ಕೂಡಿ ಕೆಲಸ ಮಾಡುವುದು’ ಸಾಕು.

ಉತ್ತರ 2:

‘ಒಪ್ಪಿಸು’ ಒಪ್ಪಿತ. ಆದರೆ ಅದು ಗಿಣಿಪಾಠವೂ ಆಗಬಹುದು, ಆದ್ದರಿಂದ ಕೇಳುವವರು ಒಂದಾದರೂ ಪ್ರಶ್ನೆ ಕೇಳಲೇಬೇಕೆಂದು ಬರೆಯಿರಿ. ಅಂಕಿಗಳನ್ನು ಎರಡು ಬಗೆಯಲ್ಲಿ ಹೇಳಿಸಿ: ‘ಫಿಫ್ಟೀನ್’, ‘ಫಿಫ್ಟಿ’ ಫೋನಿನಲ್ಲಿ ಒಂದೇ ಆಗಿಬಿಡುತ್ತವೆ, ‘ಹದಿನೈದು, ಒಂದು-ಐದು’ ಎಂದರೆ ಗೊಂದಲವಿಲ್ಲ.

ತಂಡದ ಮಾತಿನಲ್ಲಿ ‘-ಓಣ’ ರೂಪ ಚೆನ್ನ, ‘ಡೋಸ್ ಇನ್ನೊಮ್ಮೆ ನೋಡೋಣ’ ಎಂದರೆ ಯಾರಿಗೂ ನೋವಿಲ್ಲ. ಆದರೆ ‘ಮಾಡೋಣ’ ಎಂದರೆ ‘ಆಮೇಲೆ ನೋಡಿಕೊಳ್ಳೋಣ’ ಎಂದೂ ಆಗುತ್ತದೆ, ಮಾಡುವವರು ಯಾರೆಂದು ಅದರಲ್ಲಿಲ್ಲ. ತುರ್ತಿನಲ್ಲಿ ‘ಯಾರಾದರೂ ಆಕ್ಸಿಜನ್ ತನ್ನಿ’ ಕೂಡ ಹಾಗೆಯೇ. ಹೆಸರು ಹಿಡಿದು ಕರೆಯಬೇಕು, ಅವರು ‘ತರುತ್ತೇನೆ’, ಆಮೇಲೆ ‘ತಂದೆ’ ಎನ್ನಬೇಕು.

ಇನ್ನೊಂದು: ಪಾಳಿಗೆ ಬಂದವರು ಮಾಡುವುದಕ್ಕೆ ‘ಒಪ್ಪಿಕೊಳ್ಳುವುದು’ ಬೇಡ, ಅದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ. ‘ವಹಿಸಿಕೊಳ್ಳುವುದು’ ಎಂದರೆ ಹೊಣೆಯೂ ಜೊತೆಗೇ ಬರುತ್ತದೆ. ನಮೂನೆಯಲ್ಲಿ ‘ಒಪ್ಪಿಸಿದವರು’, ‘ವಹಿಸಿಕೊಂಡವರು’, ಪಕ್ಕದಲ್ಲಿ ಸಮಯ.