ಸಹಾಯ ಬೇಕು: ಅಮ್ಮನ ಜೊತೆ ಬಾಲಿ, ಗದ್ದಲ ಇಲ್ಲದ ಕಡೆ

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಮ್ಮನನ್ನ ಕರ್ಕೊಂಡು ಎಂಟು ದಿನ ಬಾಲಿಗೆ ಹೊರಟಿದೀನಿ. ಅವರಿಗೆ 64 ವರ್ಷ, ಮಂಡಿನೋವು. ಕುಟಾ ಬೀಚು, ಪಾರ್ಟಿ, ಉಯ್ಯಾಲೆ ಮೇಲೆ ಕೂತು ಫೋಟೊ, ಇದ್ಯಾವುದೂ ಬೇಡ.

ಜತಿಲುವಿಹ್ ಗದ್ದೆಗಳು ಪಕ್ಕಾ. ಅಲ್ಲಿನ ಸುಬಾಕ್ ಪದ್ಧತಿ 2012ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ರೈತರೇ ಕೂಡಿ ನೀರು ಹಂಚ್ಕೋತಾರೆ, ಅದಕ್ಕೇ ಅಂತ ನೀರಿನ ಗುಡಿಗಳೂ ಇವೆ. ಅಮ್ಮ ತೀರ್ಥಹಳ್ಳಿ ಕಡೆಯವರು. ವಿಡಿಯೊ ನೋಡಿ, "ಬದು ಎಷ್ಟು ಚೆನ್ನಾಗಿ ಕಟ್ಟಿದಾರೆ ನೋಡೋ" ಅಂತ ಎರಡು ಸಲ ಹಿಂದಕ್ಕೆ ಹಾಕಿಸಿದ್ರು!

ತೊಂದರೆ ಇರೋದು ಗುನುಂಗ್ ಕಾವಿಯಲ್ಲಿ. 11ನೇ ಶತಮಾನದ್ದು, ಬಂಡೆಯಲ್ಲೇ ಕೆತ್ತಿದ ಸುಮಾರು ಏಳು ಮೀಟರ್ ಎತ್ತರದ ಗುಡಿಯಾಕಾರಗಳು. ಆದರೆ ಕಣಿವೆಗೆ ಇಳಿಯೋಕೆ ಹತ್ತಿರ ಹತ್ತಿರ 300 ಮೆಟ್ಟಿಲಂತೆ. ಇಳಿಯೋದು ಹೇಗೋ ಆಗತ್ತೆ, ವಾಪಸ್ ಹತ್ತೋದು? ಮಧ್ಯೆ ಕೂರೋಕೆ ನೆರಳು ಇದೆಯಾ? ವಯಸ್ಸಾದವರನ್ನ ಕರ್ಕೊಂಡು ಹೋದವರು ದಯವಿಟ್ಟು ನಿಜ ಹೇಳಿ. ಆಗಲ್ಲ ಅಂದ್ರೆ ಆ ದಿನ ತಿರ್ತಾ ಗಂಗಾ ಕೊಳಗಳ ಹತ್ತಿರ ಕೂತ್ಕೋತೀವಿ.

ತೆಂಗಾನನ್ ಹಳ್ಳಿಗೆ ಹೋದವರಿದ್ದೀರಾ? ಗ್ರಿಂಗ್‌ಸಿಂಗ್ ಬಟ್ಟೆಗೆ ಹಾಸು, ಹೊಕ್ಕು ಎರಡೂ ನೂಲನ್ನ ಮೊದಲೇ ಕಟ್ಟಿ ಬಣ್ಣ ಹಾಕ್ತಾರಲ್ಲ, ಆ ನೇಯ್ಗೆ ನೋಡ್ಬೇಕು. ಎಷ್ಟು ಹೊತ್ತಿಗೆ ಹೋದರೆ ಮಗ್ಗದಲ್ಲಿ ಕೂತಿರ್ತಾರೆ?

ಊಟದ್ದು ಇನ್ನೊಂದು ಚಿಂತೆ. ಬರೀ ತರಕಾರಿ ಅಂದರೂ ಸಂಬಲ್ ಚಟ್ನಿಯಲ್ಲಿ ತೆರಾಸಿ ಅನ್ನೋ ಸಿಗಡಿ ಪೇಸ್ಟ್ ಇರತ್ತೆ. "ತನ್ಪ ತೆರಾಸಿ" (ತೆರಾಸಿ ಇಲ್ಲದೆ) ಅಂತ ಹೇಳಿದ್ರೆ ಸಾಕಾ? ಸಿದೆಮೆನ್ ಕಡೆ ಅಡುಗೆಮನೆ ಇರೋ ಹೋಂಸ್ಟೇ ಗೊತ್ತಿದ್ರೂ ತಿಳಿಸಿ. ಅಮ್ಮ ಆಗಲೇ ಸಾರಿನಪುಡಿ ಕಟ್ಟಿಟ್ಟಿದಾರೆ.