ಪ್ರಶ್ನೋತ್ತರ: ಕೆಂಪು ಲೈಟ್ ಬಂತು ಅಂದರೆ ಡ್ರೈವ್ ಹೋಯ್ತು ಅಂತಾನಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮಲ್ಲಿ ಒಂದು ದೊಡ್ಡ ಬ್ಲೋವರ್ ಇದೆ. 7.5 ಕಿಲೋವ್ಯಾಟ್ ಮೋಟರ್, 415 ವೋಲ್ಟ್, ವಿಎಫ್‌ಡಿ, ಅಂದರೆ ಮೋಟರ್ ವೇಗ ಬದಲಿಸುವ ಡ್ರೈವ್ ಮೇಲೆ ಓಡುತ್ತದೆ. ಹತ್ತು ದಿನದಿಂದ ಡ್ರೈವ್‌ನ ಫಾಲ್ಟ್ ಲೈಟ್ ಪದೇ ಪದೇ ಕೆಂಪಗೆ ಹತ್ತಿಕೊಳ್ಳುತ್ತಿದೆ. ರೀಸೆಟ್ ಒತ್ತಿದರೆ ಮತ್ತೆ ಓಡುತ್ತದೆ. ನೋಡಲು ಬಂದವರು ಡ್ರೈವ್ ಹೋಗಿದೆ, ಹೊಸದು ಹಾಕಿ ಎಂದರು. ಹಾಕಲೇಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಕೆಟ್ಟ ಡ್ರೈವ್ ರೀಸೆಟ್ ಒತ್ತಿದ ಮೇಲೆ ಇಷ್ಟು ಚೆನ್ನಾಗಿ ಓಡುವುದು ಅಪರೂಪ. ಏನೋ ಮಿತಿ ಮೀರಿತು, ಅದಕ್ಕೆ ನಿಲ್ಲಿಸಿದೆ ಎಂದಷ್ಟೇ ಆ ಲೈಟ್ ಹೇಳುತ್ತದೆ. ಮಿತಿ ಮೀರಿದ್ದು ಮೋಟರ್ ಕಡೆಯಿಂದಲೋ, ಕೇಬಲ್ಲಿಂದಲೋ, ಸಪ್ಲೈಯಿಂದಲೋ ಎಂದು ನಾವೇ ಹುಡುಕಬೇಕು. ನನಗೆ ಎರಡು ವಿಷಯ ತಿಳಿಸಿ. ಡಿಸ್‌ಪ್ಲೇಯಲ್ಲಿ ಯಾವ ಕೋಡ್ ಬರುತ್ತದೆ? ಟ್ರಿಪ್ ಆಗುವುದು, ಅಂದರೆ ಫಾಲ್ಟ್ ತೋರಿಸಿ ತಾನಾಗೇ ನಿಲ್ಲುವುದು, ಯಾವಾಗ? ಸ್ಟಾರ್ಟ್ ಒತ್ತಿದ ತಕ್ಷಣವಾ, ವೇಗ ಏರುವಾಗಲಾ, ಓಡುತ್ತಿರುವಾಗಲಾ, ನಿಲ್ಲಿಸುವಾಗಲಾ? ಇದನ್ನು ಬರೆದಿಟ್ಟುಕೊಂಡ ಮೇಲೆಯೇ ರೀಸೆಟ್ ಮುಟ್ಟಿ.

ಪ್ರಶ್ನೆ: ಕೀಪ್ಯಾಡ್ ಯಾವತ್ತೋ ಹಾಳಾಗಿದೆ ಸರ್, ಲೈಟ್ ಮಾತ್ರ ಇದೆ. ಕೆಲವು ಸಲ ಮಿನುಗಿ, ಸ್ವಲ್ಪ ಬಿಟ್ಟು ಮತ್ತೆ ಮಿನುಗುತ್ತದೆ. ನಿನ್ನೆ ಪಕ್ಕದಲ್ಲೇ ನಿಂತು ನೋಡಿದೆ. ನಾಲ್ಕು ಸಲವೂ ಸ್ಟಾಪ್ ಒತ್ತಿದ ಮೇಲೆಯೇ ಬಂತು.

ಉತ್ತರ: ಹಾಗೆ ಬಿಟ್ಟು ಬಿಟ್ಟು ಮಿನುಗುತ್ತಿದ್ದರೆ ಅದೇ ಕೋಡ್. ಎಣಿಸುವಾಗ ತಪ್ಪುತ್ತದೆ, ಫೋನಿನಲ್ಲಿ ವಿಡಿಯೋ ಮಾಡಿಕೊಂಡು ನಿಧಾನಕ್ಕೆ ಎಣಿಸಿ. ಆ ಸಂಖ್ಯೆಯನ್ನು ನಿಮ್ಮ ಡ್ರೈವ್‌ನ ಮ್ಯಾನುವಲ್‌ನಲ್ಲಿಯೇ ನೋಡಬೇಕು. ಒಂದು ಕಂಪನಿಯ ಮೂರು ಮಿನುಗು ಇನ್ನೊಂದು ಕಂಪನಿಯಲ್ಲಿ ಬೇರೆಯದೇ ಆಗಿರುತ್ತದೆ.

ಆದರೆ ನಿಲ್ಲಿಸುವಾಗ ಮಾತ್ರ ಬರುತ್ತದೆ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬ್ಲೋವರ್‌ನ ಚಕ್ರ ಭಾರದ್ದು. ಡ್ರೈವ್ ಫ್ರೀಕ್ವೆನ್ಸಿ ಇಳಿಸಿದರೂ ಅದು ತನ್ನ ಓಟದಲ್ಲೇ ತಿರುಗುತ್ತಿರುತ್ತದೆ. ಆಗ ಮೋಟರ್ ಜನರೇಟರ್ ಆಗಿ ಕರೆಂಟನ್ನು ಡ್ರೈವ್‌ಗೆ ವಾಪಸ್ ತಳ್ಳುತ್ತದೆ. 415 ವೋಲ್ಟ್ ಸಪ್ಲೈಗೆ ಒಳಗಿನ ಡಿಸಿ ಬಸ್, ಅಂದರೆ ಎಸಿಯನ್ನು ಡಿಸಿ ಮಾಡಿ ಇಟ್ಟುಕೊಳ್ಳುವ ಭಾಗದ ವೋಲ್ಟೇಜ್, ಸುಮಾರು 560ರಿಂದ 590 ವೋಲ್ಟ್ ಇರುತ್ತದೆ. ವಾಪಸ್ ಬಂದ ಕರೆಂಟಿಗೆ ಅದು ಏರಿ 800ರ ಆಸುಪಾಸು ಹೋದರೆ ಈ ವರ್ಗದ ಡ್ರೈವ್‌ಗಳು ಓವರ್ ವೋಲ್ಟೇಜ್ ಎಂದು ಟ್ರಿಪ್ ಆಗುತ್ತವೆ. ಇತ್ತೀಚೆಗೆ ಯಾರಾದರೂ ನಿಲ್ಲುವ ಸಮಯ, ಅಂದರೆ ಡೀಸೆಲರೇಷನ್ ಟೈಮ್, ಕಡಿಮೆ ಮಾಡಿದ್ದಾರಾ?

ಪ್ರಶ್ನೆ: ಅಯ್ಯೋ, ಹೌದು ಸರ್! ಬೇಗ ನಿಲ್ಲಲಿ ಅಂತ 40 ಸೆಕೆಂಡ್ ಇದ್ದದ್ದನ್ನು 8ಕ್ಕೆ ಇಳಿಸಿದ್ದರಂತೆ. ಈಗ ಕೇಳಿದ ಮೇಲೆ ಬಾಯಿ ಬಿಟ್ಟರು.

ಉತ್ತರ: ಹಾಗಾದರೆ ಮೊದಲು 40ಕ್ಕೇ ವಾಪಸ್ ಇಟ್ಟು ನೋಡಿ. ಸೆಟ್ಟಿಂಗ್‌ಗೆ ಬೇರೆ ಕೀಪ್ಯಾಡ್ ತಂದು ಹಾಕಬೇಕಾದೀತು. ನಿಜವಾಗಿಯೂ ಬೇಗ ನಿಲ್ಲಲೇಬೇಕು ಎಂದಾದರೆ, ವಾಪಸ್ ಬಂದ ಶಕ್ತಿಯನ್ನು ಶಾಖವಾಗಿ ಕಳೆಯುವ ಬ್ರೇಕಿಂಗ್ ರೆಸಿಸ್ಟರ್ ಹಾಕಬೇಕು. ಅದಕ್ಕೆ ಡ್ರೈವ್‌ನೊಳಗೆ ಬ್ರೇಕ್ ಚಾಪರ್ (ಆ ರೆಸಿಸ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಇದೆಯಾ ನೋಡಿಕೊಳ್ಳಿ, ರೆಸಿಸ್ಟರ್‌ನ ಓಮ್ ಮ್ಯಾನುವಲ್ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ತಾನಾಗೇ ಸುತ್ತಿ ನಿಲ್ಲಲಿ ಎಂದು ಕೋಸ್ಟ್ ಸ್ಟಾಪ್ ಕೂಡ ಇಡಬಹುದು. ಆಗ ಚಕ್ರ ಪೂರ್ತಿ ನಿಲ್ಲುವ ಮುಂಚೆ ಕವರ್ ತೆಗೆಯುವ ಅಪಾಯ ಇದೆ, ಜನರಿಗೆ ಹೇಳಿಡಿ. ಇನ್ನೂ ತಿರುಗುತ್ತಿರುವಾಗಲೇ ಸ್ಟಾರ್ಟ್ ಒತ್ತಿದರೆ ಓವರ್ ಕರೆಂಟ್ ಬರಬಹುದು. ಅದಕ್ಕೆ, ತಿರುಗುತ್ತಿರುವ ವೇಗವನ್ನು ಹಿಡಿದು ಅಲ್ಲಿಂದಲೇ ಶುರು ಮಾಡುವ ಫ್ಲೈಯಿಂಗ್ ಸ್ಟಾರ್ಟ್ ಆನ್ ಮಾಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮದೂ ಓವರ್ ವೋಲ್ಟೇಜೇ ಸರ್. ಆದರೆ ರಾತ್ರಿ ಹೊತ್ತು ಮಾತ್ರ, ಅದೂ ಮೋಟರ್ ಸುಮ್ನೆ ನಿಂತಿರುವಾಗಲೂ!

ಉತ್ತರ: ನಿಂತ ಮೋಟರ್ ಏನನ್ನೂ ವಾಪಸ್ ತಳ್ಳಲಾರದು. ಸಪ್ಲೈ ಕಡೆ ನೋಡಿ. ರಾತ್ರಿ ಲೋಡ್ ಕಡಿಮೆಯಾದಾಗ ಪವರ್ ಫ್ಯಾಕ್ಟರ್ ಸರಿಪಡಿಸಲು ಲೈನಿಗೆ ಹಾಕಿರುವ ಕೆಪಾಸಿಟರ್ ಹಾಗೇ ಆನ್ ಉಳಿದರೆ ವೋಲ್ಟೇಜ್ ಏರುತ್ತದೆ. ಕೆಪಾಸಿಟರ್ ಒಳಗೆ ಬರುವ ಗಳಿಗೆಯ ಏಟಿಗೂ ಡ್ರೈವ್ ಟ್ರಿಪ್ ಆಗುತ್ತದೆ. ಟ್ರಿಪ್ ಆದ ಸಮಯಕ್ಕೂ ಕೆಪಾಸಿಟರ್ ಪ್ಯಾನೆಲ್ ಆನ್ ಆಗುವ ಸಮಯಕ್ಕೂ ತಾಳೆ ಹಾಕಿ ನೋಡಿ. ಡ್ರೈವ್‌ನ ಮುಂದೆ ಒಂದು ಲೈನ್ ಚೋಕ್ (ಸಪ್ಲೈ ವೈರಿನಲ್ಲಿ ಹಾಕುವ ಸುರುಳಿ) ಇದ್ದರೆ ಈ ಏಟು ಎಷ್ಟೋ ತಗ್ಗುತ್ತದೆ.

ಮತ್ತೊಬ್ಬರ ಪ್ರಶ್ನೆ: ನಮಗೆ ಸ್ಟಾರ್ಟ್ ಒತ್ತಿದ ಕ್ಷಣಕ್ಕೇ ಓವರ್ ಕರೆಂಟ್ ಎಂದು ಕೆಂಪು. ಮೋಟರ್ ಅಲುಗಾಡುವುದೂ ಇಲ್ಲ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ ನೋಡಲಾ?

ಉತ್ತರ: ದಯವಿಟ್ಟು ಡ್ರೈವ್‌ಗೆ ವೈರ್ ಸೇರಿರುವಾಗ ಮೆಗ್ಗರ್ ಹಾಕಬೇಡಿ. ಮೆಗ್ಗರ್‌ನ 500 ವೋಲ್ಟ್ ಹಿಂದಕ್ಕೆ ನುಗ್ಗಿ, ಡ್ರೈವ್ ಒಳಗೆ ಸ್ವಿಚ್ ಕೆಲಸ ಮಾಡುವ ಐಜಿಬಿಟಿ ಸುಟ್ಟರೆ, ಇಲ್ಲದ ರೋಗ ನೀವೇ ತಂದಂತೆ. ನಾನೂ ಕಲಿಯುವ ಕಾಲದಲ್ಲಿ ಒಮ್ಮೆ ಹೀಗೆ ಮಾಡಿ ಬೈಸಿಕೊಂಡವನೇ.

ಪವರ್ ತೆಗೆದು, ಲಾಕ್ ಹಾಕಿ, ಡ್ರೈವ್ ಮೇಲೆ ಬರೆದಿರುವಷ್ಟು ಹೊತ್ತು ಕಾಯಿರಿ. ಸಾಮಾನ್ಯವಾಗಿ 5ರಿಂದ 15 ನಿಮಿಷ. ಚಾರ್ಜ್ ಲೈಟ್ ಆರಿತು ಎಂದು ನಂಬಬೇಡಿ, ಲೈಟೇ ಕೆಟ್ಟಿರಬಹುದು ಅಲ್ವಾ? ಡಿಸಿ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆ ಎಂದು ಕಣ್ಣಾರೆ ನೋಡಿ. ಆಮೇಲೆ ಡ್ರೈವ್‌ನ ಯು, ವಿ, ಡಬ್ಲ್ಯೂ ಎಂಬ ಔಟ್‌ಪುಟ್ ಟರ್ಮಿನಲ್‌ಗಳಿಂದ ಮೋಟರ್‌ಗೆ ಹೋಗುವ ಮೂರೂ ವೈರ್ ಬಿಚ್ಚಿ, ಟೇಪ್ ಸುತ್ತಿ, ಕವರ್ ಮುಚ್ಚಿ, ಮೋಟರ್ ಇಲ್ಲದೆ ಸ್ಟಾರ್ಟ್ ಕೊಡಿ. ಅದೇ ಓವರ್ ಕರೆಂಟ್ ಮತ್ತೆ ಬಂದರೆ ಡ್ರೈವ್ ಒಳಗೇ ಕೆಟ್ಟಿದೆ. ಔಟ್‌ಪುಟ್ ಫೇಸ್ ಇಲ್ಲ ಎಂಬ ಬೇರೆ ಫಾಲ್ಟ್ ಬಂದರೆ ಗಾಬರಿ ಬೇಡ, ಮೋಟರ್ ಬಿಚ್ಚಿದ್ದಕ್ಕೆ ಬಂದದ್ದು. ಓವರ್ ಕರೆಂಟ್ ಬರದಿದ್ದರೆ ಮತ್ತೆ ಪವರ್ ತೆಗೆದು, ಲಾಕ್ ಹಾಕಿ, ಬಿಚ್ಚಿದ ಕೇಬಲ್‌ಗೆ ಈಗ ಮೆಗ್ಗರ್ ಹಾಕಿ. ರೀಡಿಂಗ್ 1 ಮೆಗಾ ಓಮ್ ಹತ್ತಿರಕ್ಕೋ ಅದಕ್ಕಿಂತ ಕೆಳಗೋ ಇಳಿದಿದ್ದರೆ ಮೋಟರ್‌ನ ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಎಷ್ಟೋ ಸಲ ಅಲ್ಲಿ ನೀರು ಕೂತಿರುತ್ತದೆ.

ಮತ್ತೊಬ್ಬರ ಪ್ರಶ್ನೆ: ಚಿಕ್ಕ ಅನುಮಾನ ಸರ್. ಪ್ಯಾನೆಲ್ ಬಾಗಿಲಿನ ಟ್ರಿಪ್ ಲ್ಯಾಂಪ್ ಮೋಟರ್ ಆರಾಮಾಗಿ ಓಡುವಾಗಲೂ ಮಂದವಾಗಿ ಉರಿಯುತ್ತದೆ. ರಿಲೇ ಟ್ರಿಪ್ ಆಗಿಲ್ಲ. ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಶುರುವಾಯಿತು.

ಉತ್ತರ: ಪ್ರಶ್ನೆಯಲ್ಲೇ ಉತ್ತರ ಕೊಟ್ಟಿದ್ದೀರಿ. ಉದ್ದ ಕಂಟ್ರೋಲ್ ಕೇಬಲ್‌ನಲ್ಲಿ ಪಕ್ಕದ ವೈರಿನಿಂದ ಚೂರು ಕರೆಂಟ್ ಸೋರುತ್ತದೆ. ಹಳೇ ಬಲ್ಬ್‌ಗೆ ಅದು ಯಾವ ಲೆಕ್ಕಕ್ಕೂ ಇರಲಿಲ್ಲ, ಎಲ್‌ಇಡಿಗೆ ಸಾಕು. ಮಾಮೂಲಿ ಡಿಜಿಟಲ್ ಮೀಟರ್ ಅಲ್ಲಿ ಹತ್ತಾರು ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ. ಲೋ ಇಂಪಿಡೆನ್ಸ್ ಮೋಡ್ (ಮೀಟರೇ ಸ್ವಲ್ಪ ಕರೆಂಟ್ ಎಳೆಯುವ ಮೋಡ್) ಇರುವ ಮೀಟರ್ ಇಟ್ಟರೆ ಆ ವೋಲ್ಟೇಜ್ ಮಾಯವಾಗುತ್ತದೆ. ಲ್ಯಾಂಪ್‌ಗೆ ಪ್ಯಾರಲಲ್ ಆಗಿ, ಅಂದರೆ ಅದರ ಎರಡೂ ತುದಿಗೆ ಸೇರಿಸಿ, ಸರಿಯಾದ ವ್ಯಾಟ್‌ನ ರೆಸಿಸ್ಟರ್ ಹಾಕಿಸಿ. ಮೀಟರ್‌ನಲ್ಲಿ ವೋಲ್ಟೇಜ್ ಹಾಗೇ ಉಳಿದರೆ ಮಾತ್ರ ವೈರಿಂಗ್ ಬಿಚ್ಚಿ ನೋಡಬೇಕು.